ಬ್ಯಾಟ್ರಿ ಚಲುವಯ್ಯನ ನಾಲ್ಕು ಗಂಟೆ

ಹೊಳೆನರಸೀಪುರದ ಪೇಟೆ ವಾಚನಾಲಯದ ಗೋಡೆಯಲ್ಲಿದ್ದ ವಿದ್ಯುತ್ ಗಡಿಯಾರದ ಪೆಟ್ಟಿಗೆಯೊಳಗೆ ನಾಲ್ಕು ಹಿತ್ತಾಳೆ ತಿರುಪುಗಳಿದ್ದವು. ಎರಡಕ್ಕೆ ತಂತಿ ಸುತ್ತಿತ್ತು. ಉಳಿದ ಎರಡು ಖಾಲಿ. ಅವು ಏತಕ್ಕೆಂದು ಇಪ್ಪತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ. ಕೇಳಿದವರು ಚಲುವಯ್ಯ, 1957ರ ಆಗಸ್ಟ್ ತಿಂಗಳಲ್ಲಿ, ಜಗಲಿಯ ಮೇಲೆ ನಿಂತು, ಕಿಟಕಿಯ ಸರಳುಗಳ ನಡುವಿನಿಂದ.

"ಮೇಷ್ಟ್ರೇ, ಇನ್ನೆರಡು ತಿರುಪು ಯಾಕೆ ಬರಿದಾಗವೆ?"

ನಾನು ಆಗ ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಗಡಿಯಾರವನ್ನು ಇಳಿಸುವ ಮುಂಚೆ ಒಮ್ಮೆ ಬಿಚ್ಚಿ ನೋಡಿ ಎಂದು ವಾಚನಾಲಯದ ಅಧ್ಯಕ್ಷ ಪಂಚಾಕ್ಷರಯ್ಯನವರು ಕೇಳಿದ್ದರಿಂದ ಏಣಿ ಹತ್ತಿದ್ದೆ. ಗಡಿಯಾರವನ್ನು ತಂದವರು ಅವರ ತಂದೆ. ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ಒಂದು ಪರದೇಶಿ ಕಂಪನಿಯ ಸಾಮಾನು ಹರಾಜಾದಾಗ ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, 1928ರಲ್ಲಿ ಇಲ್ಲಿ ತೂಗುಹಾಕಿದ್ದರು. ಅದಕ್ಕೆ ಕೀಲಿ ಕೊಡುವ ಕೆಲಸವಿರಲಿಲ್ಲ. ಎರಡು ಸೆಲ್ಲುಗಳ ಬಲದಿಂದ ಗಂಟೆಗೊಮ್ಮೆ ತನ್ನ ಸ್ಪ್ರಿಂಗನ್ನು ತಾನೇ ಸುತ್ತಿಕೊಳ್ಳುತ್ತಿತ್ತು. ಆ ಹೊತ್ತಿಗೆ ಒಳಗಿನಿಂದ ಬೆಕ್ಕು ಮಗ್ಗುಲು ಬದಲಿಸಿದಂಥ ಸದ್ದು ಬರುತ್ತಿತ್ತು. ಎಲ್ಲ ಚೆನ್ನಾಗಿತ್ತು, ಆದರೆ ದಿನಕ್ಕೆ ನಲವತ್ತು ಸೆಕೆಂಡು ಹಿಂದೆ ಬೀಳುತ್ತಿತ್ತು. ಹದಿನೈದು ದಿನ ಯಾರೂ ಮುಟ್ಟದಿದ್ದರೆ ಹತ್ತು ನಿಮಿಷ. ಊರಿನಲ್ಲಿ ಯಾರಾದರೂ ತಡವಾಗಿ ಬಂದರೆ "ಏನಯ್ಯಾ, ವಾಚನಾಲಯದ ಟೈಮಾ?" ಎನ್ನುವುದು ಮಾತಾಗಿಹೋಗಿತ್ತು. ಆ ಆಷಾಢಕ್ಕೆ ಮುಂಚೆ ಒಂದು ಮದುವೆಯ ದಿಬ್ಬಣ ಈ ಗಡಿಯಾರ ನೋಡಿಕೊಂಡು ಹೊರಟು ಮೈಸೂರಿನ ರೈಲು ತಪ್ಪಿಸಿಕೊಂಡಿತ್ತು. ಅಲ್ಲಿಗೆ ಪಂಚಾಕ್ಷರಯ್ಯನವರ ತಾಳ್ಮೆಯೂ ಮುಗಿದಿತ್ತು. ಹೊಸ ಗಡಿಯಾರವೊಂದನ್ನು ಕೊಡುವುದಾಗಿ ಒಬ್ಬರು ಒಪ್ಪಿದ್ದರು.

ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಒಂದು ಹಳದಿ ಕಾಗದ ಅಂಟಿಸಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಚಲುವಯ್ಯನವರಿಗೆ ಹೇಳಿದೆ. ಆ ಎರಡು ತಿರುಪು ಗಡಿಯಾರವನ್ನು ನಡೆಸುವುದಕ್ಕಲ್ಲ, ತಿದ್ದುವುದಕ್ಕೆ. ಸರಿಯಾದ ಗಂಟೆಯ ಕ್ಷಣದಲ್ಲಿ ಅವುಗಳಿಗೆ ಒಂದೇ ಸೆಕೆಂಡು ವಿದ್ಯುತ್ತು ಕೊಟ್ಟರೆ ಒಳಗಿನ ಕಾಂತ ಎರಡು ಸಣ್ಣ ತೋಳುಗಳನ್ನು ಎಳೆಯುತ್ತದೆ. ಅವು ನಿಮಿಷದ ಮುಳ್ಳನ್ನು ಎರಡು ಕಡೆಯಿಂದ ಹಿಡಿದು ನೇರ ಹನ್ನೆರಡರ ಮೇಲೆ ತಂದು ನಿಲ್ಲಿಸುತ್ತವೆ. ತಿದ್ದಿದ ಗುರುತಿಗೆ ಮುಖದ ಮೇಲೆ ಒಂದು ಕೆಂಪು ದೀಪ ಹೊತ್ತುತ್ತದೆ. ಮುಳ್ಳು ಎರಡು ನಿಮಿಷಕ್ಕಿಂತ ಹೆಚ್ಚು ದೂರವಿದ್ದರೆ ತೋಳಿಗೆ ಸಿಕ್ಕುವುದಿಲ್ಲ.

ಚಲುವಯ್ಯ ಸ್ವಲ್ಪ ಹೊತ್ತು ಗಡಿಯಾರದ ಕಡೆಯೇ ನೋಡಿದರು. "ಅಂಗಾರೆ ಇದ್ರ ಮೇಲೆ ತಪ್ಪಿಲ್ಲ. ಯಾರೂ ಇದ್ಕೆ ಟೈಮು ಯೋಳ್ಲೇ ಇಲ್ಲ," ಎಂದರು.

ಅವರ ವಿಷಯ ಹೇಳಬೇಕು. ಹಾಸನದ ಹತ್ತಿರದ ಕೊರವಂಗಲದಲ್ಲಿ ಹುಟ್ಟಿದವರು. ಅವರ ತಂದೆ ಊರಿನ ಹೊಲಗಳಲ್ಲಿ ದುಡಿದವರು. ಹದಿನೆಂಟನೆಯ ವಯಸ್ಸಿನಲ್ಲಿ ಹಾಸನದ ತಂತಿ ಕಚೇರಿಯ ಬ್ಯಾಟರಿ ಕೋಣೆಗೆ ನೀರು ಹೊರಲು ಸೇರಿ, ಮೂವತ್ನಾಲ್ಕು ವರ್ಷ ಅದೇ ಇಲಾಖೆಯಲ್ಲಿ ಬ್ಯಾಟರಿಯವರಾಗಿ ದುಡಿದರು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಕೊನೆಗೆ ಹೊಳೆನರಸೀಪುರ. 1955ರಲ್ಲಿ ನಿವೃತ್ತರಾಗಿ ಹೆಂಡತಿ ಸಣ್ಣಕ್ಕನೊಂದಿಗೆ ಇಲ್ಲೇ ಉಳಿದರು. ಊರಿಗೆ ಅವರು ಬ್ಯಾಟ್ರಿ ಚಲುವಯ್ಯ.

ತಂತಿ ಕಚೇರಿಯ ಬ್ಯಾಟರಿಯೆಂದರೆ ಸಾಲಾಗಿ ಕೂರಿಸಿದ ಮಡಕೆಯಾಕಾರದ ಜಾಡಿಗಳು. ತಳದಲ್ಲಿ ತಾಮ್ರದ ತಟ್ಟೆ, ಅದರ ಮೇಲೆ ಮೈಲುತುತ್ತದ ಪುಡಿ, ಅದರ ಮೇಲೆ ಒದ್ದೆ ಮಾಡಿದ ಗರಗಸದ ಹೊಟ್ಟು, ಎಲ್ಲಕ್ಕಿಂತ ಮೇಲೆ ಸತುವಿನ ಬಿಲ್ಲೆ. ಹೊಟ್ಟನ್ನು ಎಷ್ಟು ಒತ್ತಬೇಕು, ಎಷ್ಟು ನೀರು ಹಾಕಬೇಕು ಎನ್ನುವುದು ಅವರ ಅಂಗೈಗೆ ಗೊತ್ತಿತ್ತು. ಆ ಕೋಣೆಗೆ ಗುಮಾಸ್ತರು ಯಾರೂ ಬರುತ್ತಿರಲಿಲ್ಲ. ಮೈಲುತುತ್ತದ ಕಲೆ ಆಗುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಅರಕಲಗೂಡಿನಲ್ಲಿದ್ದಾಗ ಲೈನು ಕೆಟ್ಟರೆ ಕಂಬದಿಂದ ಕಂಬಕ್ಕೆ ಕಿವಿಯಿಟ್ಟುಕೊಂಡು ಕೊಣನೂರಿನವರೆಗೆ ನಡೆದುಹೋಗುತ್ತಿದ್ದರಂತೆ. ಬೆಳಗಿನ ಬಿಸಿಲು, ಎರಡೂ ಕಡೆ ರಾಗಿ, ದೂರದಲ್ಲಿ ಕಾವೇರಿಯ ಕಡೆಯಿಂದ ಬರುವ ಗಾಳಿ. ತಂತಿ ಹಾಡುವುದು ಗಾಳಿಯಿಂದ, ಅದರಲ್ಲಿ ಹೋಗುವ ಸುದ್ದಿಯಿಂದಲ್ಲ ಎಂದು ನಾನು ಅವರಿಗೆ ವಿವರಿಸಿದ್ದೇನೆ. ಅವರು ತಲೆಯಾಡಿಸಿ, "ಗಾಳೀನೂ ಸುದ್ದೀನೂ ಒಟ್ಟಿಗೇ ಓಗ್ತಾ ಇದ್ರೆ ಯಾವ್ದು ಯಾವ್ದು ಅಂತ ಯಾರು ಬೇರೆ ಮಾಡ್ತಾರೆ ಸಾ," ಎಂದಿದ್ದರು. ಒಮ್ಮೆ ರುದ್ರಪಟ್ಟಣದ ಸಂಗೀತಗಾರರೊಬ್ಬರು ಬಸ್ಸಿಗೆ ಕಾಯುತ್ತ ಕಂಬಕ್ಕೆ ಒರಗಿ ನಿಂತಿದ್ದರಂತೆ. ಚಲುವಯ್ಯನನ್ನು ಕರೆದು, "ನಿಮ್ಮ ಕಂಬ ಒಳ್ಳೇ ಶ್ರುತಿಯಲ್ಲಿದೆಯಪ್ಪ, ಕೆಡಿಸಬೇಡ," ಎಂದರಂತೆ. ಚಲುವಯ್ಯ ಅದನ್ನು ಪದಕದಂತೆ ಇಟ್ಟುಕೊಂಡಿದ್ದರು.

ಆದರೆ ಅವರ ಮನಸ್ಸು ಹೆಚ್ಚಾಗಿ ಹೋಗುತ್ತಿದ್ದುದು ಸಂಜೆಯ ನಾಲ್ಕು ಗಂಟೆಗೆ. ದಿನವೂ ನಾಲ್ಕಕ್ಕೆ ಕೆಲವು ನಿಮಿಷ ಮುಂಚೆ ತಂತಿಯ ಮೇಲಿನ ಮಾತೆಲ್ಲ ನಿಲ್ಲುತ್ತಿತ್ತು. ಎಲ್ಲ ಕಚೇರಿಗಳಲ್ಲೂ ಕೈಗಳು ಯಂತ್ರದಿಂದ ಹಿಂದೆ ಸರಿಯುತ್ತಿದ್ದವು. ಆಮೇಲೆ, ಸರಿಯಾಗಿ ನಾಲ್ಕಕ್ಕೆ, ದೂರದಿಂದ ಒಂದೇ ಒಂದು ಪೆಟ್ಟು. 'ಟಕ್'. ಅದು ಸಮಯದ ಗುರುತು. ಎಲ್ಲರೂ ತಮ್ಮ ಗಡಿಯಾರ ತಿದ್ದಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಮೊದಲಿನ ಆ ಮೌನದಲ್ಲಿ ಚಲುವಯ್ಯ ಬ್ಯಾಟರಿ ಕೋಣೆಯ ನೆಲದ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದರಂತೆ. ಹೊಲ, ಸೇತುವೆ, ಸ್ಟೇಷನ್ನು, ಕಂಬದ ಮೇಲಿನ ಹಕ್ಕಿ, ಎಲ್ಲ ಉಸಿರು ಹಿಡಿದು ಕಾಯುತ್ತಿರುವಂತೆ ಅವರಿಗೆ ಕಾಣುತ್ತಿತ್ತು. ಮದರಾಸಿನಲ್ಲೂ ಹಾಸನದಲ್ಲೂ ಅದೇ ಪೆಟ್ಟು, ಅದೇ ಕ್ಷಣ. "ಆ ವೊತ್ನಲ್ಲಿ ಯಾರೂ ಮುಂದಿಲ್ಲ, ಯಾರೂ ಇಂದಿಲ್ಲ ಸಾ," ಎನ್ನುತ್ತಿದ್ದರು.

ಗಡಿಯಾರದ ಕಾಗದ ಓದಿದ ದಿನ ಅವರು ಜಗಲಿಯಲ್ಲೇ ಕೂತು ಇನ್ನೊಂದು ಮಾತು ಹೇಳಿದರು. "ಮೂವತ್ನಾಕು ವರ್ಸ ಕರೆಂಟು ಮಾಡ್ಕೊಟ್ಟೆ. ಅದ್ರಲ್ಲಿ ಬಂದದ್ದೆಲ್ಲ ಏನು? ಸಾವು. ತಂತಿ ಬಂತು ಅಂದ್ರೆ ವಡೆಯೋಕೆ ಮುಂಚೇನೇ ಎಂಗಸ್ರು ಅಳೋರು. ನಮ್ಮವ್ವ ಸತ್ತದ್ದೂ ನನ್ನ ಜಾಡೀಲೇ ಬಂತು. ಒಂದ್ಸಲ ನನ್ನ ಕರೆಂಟು ಒಂದು ವಳ್ಳೇ ಕೆಲ್ಸ ಮಾಡೋದ ಕಣ್ಣಲ್ಲಿ ನೋಡ್ಬೇಕು. ಈ ಗಡಿಯಾರ ಇಳಿಸ್ಬೇಡಿ ಅನ್ನಿ ಅವ್ರಿಗೆ."

ಅನುಕೂಲವೂ ಒಂದಿತ್ತು. ವಾಚನಾಲಯಕ್ಕೂ ತಂತಿ ಕಚೇರಿಗೂ ಒಂದೇ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಗೂಡುಕಿಟಕಿ. ಅದು ತೆರೆದಿದ್ದರೆ ಆ ಕಡೆಯ ಯಂತ್ರದ ಟಕಟಕ ಈ ಕಡೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಸರ್ಕಾರದ ತಂತಿಯನ್ನು ಮುಟ್ಟುವ ಪ್ರಮೇಯವೇ ಇಲ್ಲ. ನಾಲ್ಕರ ಪೆಟ್ಟು ಕಿವಿಗೆ ಬಿದ್ದಾಗ ಈ ಕಡೆ ಕೂತವರು ಕರೆಗಂಟೆಯ ಗುಂಡಿಯಂಥದ್ದನ್ನು ಒತ್ತಿದರೆ ಸಾಕು. ತಂತಿ ಮಾಸ್ತರು ಗೌರೀಶಂಕರ ಎಂಬ ಯುವಕ. ಕೇಳಿದಾಗ ಅವರು ಯೋಚಿಸಿ, "ಕಿಟಕಿ ತೆಗೆದಿಡಬೇಕು ಅಂತ ರೂಲ್ಸಿಲ್ಲ. ಮುಚ್ಚಿಡಬೇಕು ಅಂತಲೂ ಇಲ್ಲ. ನನಗೆ ಗಾಳಿ ಬೇಕು," ಎಂದು ತೆಗೆದೇಬಿಟ್ಟರು.

ಪಂಚಾಕ್ಷರಯ್ಯನವರು ಅಷ್ಟು ಸುಲಭದವರಲ್ಲ. ದಿನಸಿ ಮಂಡಿಯ ಯಜಮಾನರು, ತಕ್ಕಡಿಯ ಮುಳ್ಳು ನೋಡಿ ಅಭ್ಯಾಸವಿದ್ದವರು. "ಮೂವತ್ತು ದಿನ," ಎಂದರು. "ದಿನಾ ನಾಲ್ಕಕ್ಕೆ ಇವನು ಗುಂಡಿ ಒತ್ತಿದ ಮೇಲೆ ಮುಳ್ಳು ಹನ್ನೆರಡರ ಮೇಲೆ ನಿಲ್ಲಬೇಕು. ಅರ್ಧ ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಂದು ದಿನ ಬಂದರೂ ಗಡಿಯಾರ ಇಳೀತು. ಮೇಷ್ಟ್ರು ಬರೆದಿಡಲಿ." ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಚಲುವಯ್ಯನ ಕಡೆ ತಿರುಗಿದರು. ಎರಡು ವರ್ಷದಿಂದ ಚಲುವಯ್ಯ ಜಗಲಿಯಲ್ಲೇ ಪತ್ರಿಕೆ ಓದುತ್ತಿದ್ದವರು. ಒಳಗೆ ಬೆಂಚಿನ ಮೇಲೆ ಕೂತವರು ಓದಿ ಮುಗಿಸಿದ ಹಾಳೆ ಕಿಟಕಿಯಿಂದ ಅವರಿಗೆ ಬರುತ್ತಿತ್ತು. ಪಂಚಾಕ್ಷರಯ್ಯ ಗಂಟಲು ಸರಿಮಾಡಿಕೊಂಡರು. "ಒಳಕ್ಕೆ ಬಾ ಮತ್ತೆ. ಗಡಿಯಾರ ಜಗಲಿಗೆ ಬರಲ್ಲ."

ಚಲುವಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದರು.

ಮೊದಲ ಪ್ರಶ್ನೆ ಶಕ್ತಿಯದು. ತಮ್ಮ ಹಳೆಯ ಬಗೆಯ ಜಾಡಿಗಳನ್ನೇ ಕಟ್ಟಿಕೊಡುತ್ತೇನೆಂದು ಚಲುವಯ್ಯ ಹೇಳಿದರು. ನಾನು ಲೆಕ್ಕ ಹಾಕಿ ತೋರಿಸಿದೆ. ತಂತಿ ಕಚೇರಿಯ ಜಾಡಿ ಸಣ್ಣ ಧಾರೆಯಲ್ಲಿ ದಿನವಿಡೀ ಹರಿಯುವ ನಲ್ಲಿಯ ಹಾಗೆ. ಗಡಿಯಾರದ ಕಾಂತಕ್ಕೆ ಬೇಕಾದದ್ದು ಒಂದು ಸೆಕೆಂಡಿನಲ್ಲಿ ಒಂದು ಬಿಂದಿಗೆ. ಹತ್ತು ಜಾಡಿ ಕೂಡಿಸಿದರೂ ಬೇಕಾದದ್ದರ ಆರನೇ ಒಂದು ಭಾಗ ಬಂದೀತು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನವಸಾಗರದ ನೀರಿನ ಮೂರು ಸೆಲ್ಲುಗಳಿದ್ದವು. ಗಾಜಿನ ಪಾತ್ರೆ, ಸತುವಿನ ಕಡ್ಡಿ, ನಡುವೆ ಇದ್ದಿಲ ಫಲಕವಿಟ್ಟ ಮಣ್ಣಿನ ಕುಡಿಕೆ. ಮುಖ್ಯೋಪಾಧ್ಯಾಯರನ್ನು ಕೇಳಿ ಅವನ್ನು ತಂದೆ. ವಾಚನಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ ಇರಿಸಿ, ಗೋಡೆಯ ತೂತಿನಿಂದ ತಂತಿ ಎಳೆದೆವು. ಕೋಣೆಯ ಬೀಗದ ಕೈ ಚಲುವಯ್ಯನ ಸೊಂಟಕ್ಕೆ ಸೇರಿತು.

ಸೆಪ್ಟೆಂಬರ್ 10, ಮಂಗಳವಾರ, ಮೊದಲ ದಿನ. ಗಡಿಯಾರ ಮೂರು ಗಂಟೆ ಐವತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡು ತೋರಿಸುತ್ತಿತ್ತು. ಗೂಡುಕಿಟಕಿಯ ಆಚೆ ಯಂತ್ರ ಆಗಲೇ ಮೌನವಾಗಿತ್ತು. ಪತ್ರಿಕೆ ಓದುತ್ತಿದ್ದವರು ಹಾಳೆ ಮಡಿಸದೆ ಹಿಡಿದು ಕೂತಿದ್ದರು. ಹೊರಗೆ ಎಲ್ಲೋ ಒಂದು ಗಾಡಿಯ ಕೀಲು ಕಿರುಗುಟ್ಟುತ್ತಿತ್ತು, ಅದೂ ನಿಂತಿತು. ಆ ಕಡೆ 'ಟಕ್' ಎಂದಿತು. ಚಲುವಯ್ಯನ ಹೆಬ್ಬೆರಳು ಕೆಳಗಿಳಿಯಿತು. ನಿಮಿಷದ ಮುಳ್ಳು ನಿದ್ದೆಯಲ್ಲಿ ಕರೆದ ಹೆಸರಿಗೆ ಓಗೊಟ್ಟವರಂತೆ ಒಮ್ಮೆ ಅಲುಗಿ ಹನ್ನೆರಡರ ಮೇಲೆ ನಿಂತಿತು. ಕೆಂಪು ದೀಪ ಹೊತ್ತಿ ಆರಿತು.

ಚಲುವಯ್ಯ ಗುಂಡಿಯ ಮೇಲಿಂದ ಬೆರಳು ತೆಗೆದಿದ್ದರೂ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದರು.

ಆ ದಿನಗಳನ್ನು ನೆನೆದರೆ ಅವು ಒಂದರೊಳಗೊಂದು ಕರಗಿದ ಒಂದೇ ಸಂಜೆಯಂತೆ ಕಾಣುತ್ತವೆ. ಪಶ್ಚಿಮದ ಕಿಟಕಿಯಿಂದ ಬೀಳುವ ಹಳದಿ ಬಿಸಿಲು, ಅದರಲ್ಲಿ ತೇಲುವ ಧೂಳು, ಮೌನ, ಒಂದು ಪೆಟ್ಟು, ಕೆಂಪು ದೀಪ. ಸೊಪ್ಪು ಮಾರಿ ಹಿಂದಿರುಗುವ ಹೆಂಗಸರು ಬುಟ್ಟಿ ಇಳಿಸಿ ಜಗಲಿಯಿಂದ ನೋಡಿ ಹೋಗತೊಡಗಿದರು. ಒಬ್ಬಾಕೆ ಕೈ ಮುಗಿದಳು. ಚಲುವಯ್ಯ ಗಂಭೀರವಾಗಿ, "ದೇವ್ರಲ್ಲ ಕಣವ್ವ, ಟೈಮು," ಎಂದರು. "ಎರ್ಡಕ್ಕೂ ಏನು ವ್ಯತ್ಯಾಸ ಯಜಮಾನ?" ಎಂದು ಅವಳು ಬುಟ್ಟಿ ಎತ್ತಿಕೊಂಡಳು.

ನನ್ನ ಪುಸ್ತಕದಲ್ಲಿ ಮಾತ್ರ ದಿನಗಳು ಬೇರೆಬೇರೆಯಾಗಿಯೇ ಇದ್ದವು. ದಿನವೂ ಮೂರೂವರೆಗೆ ಸೆಲ್ಲುಗಳ ಒತ್ತಡವನ್ನು ಮೀಟರಿನಲ್ಲಿ ಅಳೆದು ಬರೆಯುತ್ತಿದ್ದೆ. ಮೊದಲ ವಾರ ಒಂದೊಂದು ಸೆಲ್ಲೂ ಸುಮಾರು 1.45 ವೋಲ್ಟು. ಎರಡನೆಯ ವಾರದ ಕೊನೆಗೆ 1.3. ಹದಿನೆಂಟನೆಯ ದಿನ 1.2. ಆ ದಿನ ದೀಪದ ಕೆಂಪು ಮಾಸಿದ ಕುಂಕುಮದಂತಿತ್ತು. ದಿನಕ್ಕೆ ಒಂದೇ ಸೆಕೆಂಡು ಕೆಲಸ ಮಾಡುವ ಸೆಲ್ಲು ಹೀಗೆ ಸೋಲಲು ಕಾರಣವೇ ಇರಲಿಲ್ಲ. ಸತುವಿನ ಕಡ್ಡಿ ಉಜ್ಜಿದೆ. ನವಸಾಗರದ ನೀರು ಬದಲಿಸಿದೆ. ತಂತಿಯ ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಏನೂ ಉಪಯೋಗವಾಗಲಿಲ್ಲ. ಇಪ್ಪತ್ತೆರಡನೆಯ ದಿನ, ಅಕ್ಟೋಬರ್ 1, ಮುಳ್ಳು ಏಳಲು ಪ್ರಯತ್ನಿಸಿ ದಾರಿಯಲ್ಲೇ ನಿಂತಿತು. ಹನ್ನೆರಡಕ್ಕೆ ಇಪ್ಪತ್ತೈದು ಸೆಕೆಂಡು ಬಾಕಿ.

ಪಂಚಾಕ್ಷರಯ್ಯನವರು ಹತ್ತಿರ ಬಂದು ನೋಡಿದರು. "ಅರ್ಧ ನಿಮಿಷಕ್ಕೆ ಐದು ಸೆಕೆಂಡು ಕಡಿಮೆ. ಇವತ್ತು ಉಳೀತು," ಎಂದರು. ಅವರ ದನಿಯಲ್ಲಿ ಸಂತೋಷವಿರಲಿಲ್ಲ. ತಂದೆ ತೊಡೆಯ ಮೇಲಿಟ್ಟುಕೊಂಡು ತಂದ ಗಡಿಯಾರ ತಾನೆ.

ಮಾರನೆಯ ದಿನ ಆಯುಧಪೂಜೆ. ಇಲ್ಲಿ ತೊಡಕು ಬಂತು.

ಆ ದಿನ ಗಡಿಯಾರ ಮುಟ್ಟುವುದಿಲ್ಲವೆಂದು ಚಲುವಯ್ಯ ಮುನ್ನಾದಿನ ಸಂಜೆಯೇ ಹೇಳಿದರು. ಆಯುಧಪೂಜೆಯ ದಿನ ಬಡಗಿ ಉಳಿ ಎತ್ತುವುದಿಲ್ಲ, ರೈತ ನೇಗಿಲು ಕಟ್ಟುವುದಿಲ್ಲ. ಕೆಲಸದ ಸಾಮಾನಿಗೆ ಪೂಜೆ, ಆಮೇಲೆ ವಿಶ್ರಾಂತಿ. "ಆಫೀಸಿನಾಗೆ ಜಾಡಿಗೆ ಊವ ಇಡ್ತಿದ್ದೆ, ಆದ್ರೆ ಲೈನು ಬಿಡ್ತಿರ್ನಿಲ್ಲ. ಊವಿನ ಕೆಳಗೇ ಅವು ದುಡೀತಿದ್ವು. ಮೂವತ್ನಾಕು ಸಲ ಅವಕ್ಕೆ ತಪ್ಪಾಯ್ತು ಅಂದಿವ್ನಿ ಸಾ. ಈಗ ನಂಗೆ ಮೇಲಿನವ್ರು ಯಾರೂ ಇಲ್ಲ. ಈ ಮೂರಕ್ಕಾದ್ರೂ ಒಂದಿನ ಬಿಡ್ಬೇಕು."

"ಚಲುವಯ್ಯನವರೇ, ಒಂದು ದಿನ ತಪ್ಪಿದರೆ ಗಡಿಯಾರ ಹೋಯಿತು," ಎಂದೆ.

"ಗೊತ್ತು," ಎಂದರು.

ಇಬ್ಬರೂ ಪಂಚಾಕ್ಷರಯ್ಯನವರ ಮಂಡಿಗೆ ಹೋದೆವು. ಅವರು ಮಾರನೆಯ ದಿನದ ಪೂಜೆಗೆಂದು ತಕ್ಕಡಿ, ಬಟ್ಟು, ಕೊಳಗಗಳನ್ನು ಹುಣಸೆಹಣ್ಣು ಹಾಕಿ ತೊಳೆಸುತ್ತಿದ್ದರು. ವಿಷಯ ಕೇಳಿ ಕೈಯಲ್ಲಿದ್ದ ಬಟ್ಟನ್ನು ಒರೆಸಿ ಕೆಳಗಿಟ್ಟರು.

"ನಾಳೆ ನಾನು ತಕ್ಕಡಿ ಎತ್ತಲ್ಲ," ಎಂದರು. "ನೀನು ಮಾತ್ರ ಗುಂಡಿ ಒತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಸರಿ. ನಾಳೆ ಬಿಡು. ಆದರೆ ಲೆಕ್ಕ ಬಿಡಲ್ಲ. ನಾಡಿದ್ದು ನಾಲ್ಕಕ್ಕೆ ಎಲ್ಲ ಸೇರಿಸಿ ಮುಳ್ಳು ಸರಿಯಾಗಬೇಕು. ಆಗಲಿಲ್ಲವೋ, ಅಲ್ಲೇ ಇಳಿಸೋಣ. ಮೇಷ್ಟ್ರೇ, ಆಗುತ್ತಾ?"

ನಾನು ಮನಸ್ಸಿನಲ್ಲೇ ಕೂಡಿದೆ. ಇವತ್ತಿನ ಬಾಕಿ ಇಪ್ಪತ್ತೈದು, ಎರಡು ದಿನದ್ದು ಎಂಬತ್ತು, ಒಟ್ಟು ನೂರೈದು ಸೆಕೆಂಡು. ಕಾಗದ ಹೇಳುವ ಮಿತಿ ನೂರಿಪ್ಪತ್ತು. ತೋಳಿಗೆ ಮುಳ್ಳು ಸಿಕ್ಕುತ್ತದೆ. ಆದರೆ ನಲವತ್ತನ್ನೇ ಎಳೆಯಲಾರದ ಸೆಲ್ಲು ನೂರೈದನ್ನು ಎಳೆಯುವುದು ಹೇಗೆ? "ಕಷ್ಟ," ಎಂದೆ.

"ಇಳಿಸೋದೇ ಆದ್ರೆ ಇಳಿಸಿ ಬುದ್ಧಿ," ಎಂದರು ಚಲುವಯ್ಯ. "ಸುಸ್ತಾದೋನ ಅಬ್ಬದ ದಿನ ಎಬ್ಬಿಸಿ ದುಡಿಸಿ, ಗೆದ್ದೆ ಅನ್ನಿಸ್ಕೊಳ್ಳಾದು ನನ್ಕೈಲಾಗಲ್ಲ."

ಪೂಜೆಯ ದಿನ ನಾನು ಹಿಂದಿನ ಕೋಣೆಗೆ ಹೋದೆ. ತಂತಿಗಳನ್ನೆಲ್ಲ ಬಿಚ್ಚಿ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಮೂರು ಗಾಜಿನ ಪಾತ್ರೆಗಳೂ ಒರೆಸಿ ಹೊಳೆಯುತ್ತಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಚೆಂಡುಹೂ. ಗವಾಕ್ಷಿಯಿಂದ ಬಂದ ಬೆಳಕು ನವಸಾಗರದ ನೀರಿನಲ್ಲಿ ನಿಂತಿತ್ತು. ಆ ಕೋಣೆಯಲ್ಲಿ ಯಾರೋ ಗಾಢವಾಗಿ ಮಲಗಿರುವಂತೆ ನನಗೂ ಅನಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಬಂದೆ. ವಾಚನಾಲಯದಲ್ಲಿ ನಾಲ್ಕರ ಪೆಟ್ಟು ಕೇಳಿತು. ಯಾರೂ ಏನೂ ಮಾಡಲಿಲ್ಲ. ಪುಸ್ತಕದಲ್ಲಿ 'ಆಯುಧಪೂಜೆ, ವಿಶ್ರಾಂತಿ' ಎಂದು ಬರೆದೆ.

ಇಪ್ಪತ್ನಾಲ್ಕನೆಯ ದಿನ, ಗುರುವಾರ. ಮೂರೂವರೆಗೆ ಮೀಟರು ಹಿಡಿದೆ. ಮೊದಲ ಸೆಲ್ಲು 1.4. ನಂಬಿಕೆಯಾಗದೆ ಮೀಟರನ್ನು ತಟ್ಟಿದೆ. ಎರಡನೆಯದು 1.4. ಮೂರನೆಯದು ಒಂದು ಕೂದಲು ಹೆಚ್ಚು.

ವಾಚನಾಲಯ ತುಂಬಿತ್ತು. ಇಳಿಸುವುದಕ್ಕೆಂದು ಏಣಿಯನ್ನೂ ತಂದು ಗೋಡೆಗೆ ಒರಗಿಸಿದ್ದರು. ಗೌರೀಶಂಕರ ಗೂಡುಕಿಟಕಿಯ ಆಚೆಯಿಂದ, "ಲೈನ್ ಕ್ಲಿಯರ್," ಎಂದು ಮೆಲ್ಲಗೆ ಹೇಳಿದರು. ನಿಯಮದಲ್ಲಿ ಅದೂ ಇರಲಿಲ್ಲ. ಮೌನ. ಚಲುವಯ್ಯ ಕಣ್ಣು ಮುಚ್ಚಿದ್ದರು. 'ಟಕ್'. ಬೆರಳು ಇಳಿಯಿತು. ಮುಳ್ಳು ನೂರೈದು ಸೆಕೆಂಡನ್ನು ಒಂದೇ ಹೆಜ್ಜೆಯಲ್ಲಿ ದಾಟಿ ಹನ್ನೆರಡರ ಮೇಲೆ ನಿಂತಿತು. ದೀಪ ಮೊದಲ ದಿನದಂತೆ ಕೆಂಪಗೆ ಹೊತ್ತಿತು.

ಪಂಚಾಕ್ಷರಯ್ಯ ಏಣಿಯನ್ನು ತಾವೇ ಎತ್ತಿ ಹೊರಗಿಟ್ಟು ಬಂದರು.

ಜನ ಚದುರಿದ ಮೇಲೆ ನಾನು ಕೇಳಿದೆ. "ನಿಜ ಹೇಳಿ. ಹಬ್ಬಕ್ಕೆ ಮುಂಚೆ ಆ ಕೋಣೆಯಲ್ಲಿ ಏನು ಮಾಡುತ್ತಿದ್ದಿರಿ?"

ಅವರು ಮುಚ್ಚಿಟ್ಟೇನೂ ಇರಲಿಲ್ಲ. ನಾನು ಕೇಳಿರಲಿಲ್ಲ ಅಷ್ಟೆ. ದಿನಾ ಸಂಜೆ ವಾಚನಾಲಯ ಮುಚ್ಚುವಾಗ ಸೆಲ್ಲುಗಳಿಗೆ ಹಳೆಯ ಯಂತ್ರವೊಂದರ ತಾಮ್ರದ ಸುರುಳಿಯನ್ನು ಕಟ್ಟಿ, ಬೆಳಿಗ್ಗೆ ಬಂದು ಬಿಚ್ಚುತ್ತಿದ್ದರು. ರಾತ್ರಿಯಿಡೀ ಸೆಲ್ಲು ಸಣ್ಣಗೆ ಹರಿಯುತ್ತಿರಲಿ ಎಂದು. "ಖಾಲಿ ಕೂತ ಜಾಡಿ ಕೆಡ್ತದೆ ಸಾ. ನೀಲಿ ಮೇಲಕ್ಕೆ ಬಂದು ಸತುವು ಕಪ್ಪಾಯ್ತದೆ. ನಮ್ಮ ದೊಡ್ಡ ಬ್ಯಾಟ್ರಿಯವ್ರು ನಂಗೆ ಕಲಿಸಿದ ಮೊದಲ್ನೇ ಪಾಠ. ಯಾವತ್ತೂ ದುಡಿಸ್ತಾ ಇರು ಅಂತ."

ಅವರ ಜಾಡಿಗಳ ಮಟ್ಟಿಗೆ ಅದು ಪೂರ್ತಿ ಸತ್ಯ. ಮೈಲುತುತ್ತದ ಜಾಡಿ ಸುಮ್ಮನಿದ್ದರೆ ಕೆಡುತ್ತದೆ. ನವಸಾಗರದ ಸೆಲ್ಲು ತದ್ವಿರುದ್ಧ. ಬಿಡದೆ ದುಡಿಸಿದರೆ ಅದರ ಇದ್ದಿಲ ಫಲಕಕ್ಕೆ ಅನಿಲ ಮುತ್ತಿಕೊಂಡು ಬಲ ಕುಗ್ಗುತ್ತದೆ. ಸುಮ್ಮನೆ ಬಿಟ್ಟರೆ ತಾನೇ ಚೇತರಿಸಿಕೊಳ್ಳುತ್ತದೆ. ಹಬ್ಬದ ಹಿಂದಿನ ಸಂಜೆಯಿಂದ ಸುರುಳಿ ಕಟ್ಟದೆ ನಲವತ್ತೆಂಟು ಗಂಟೆ ಬಿಟ್ಟಿದ್ದೇ ಅದನ್ನು ಉಳಿಸಿತ್ತು. ಇದನ್ನು ಮೊದಲ ದಿನವೇ ಹೇಳಬೇಕಾದವನು ನಾನು. ಮೂವತ್ನಾಲ್ಕು ವರ್ಷ ಬ್ಯಾಟರಿ ನೋಡಿದವರಿಗೆ ಏನು ಹೇಳುವುದೆಂದು ಬಿಟ್ಟಿದ್ದೆ. ಇಬ್ಬರ ತಪ್ಪೂ ಒಂದೇ ಬಗೆಯದು. ನಮಗೆ ಗೊತ್ತಿದ್ದದ್ದನ್ನು ನಾವು ಹೆಚ್ಚು ನಂಬಿದ್ದೆವು.

ಚಲುವಯ್ಯ ಕೇಳಿಸಿಕೊಂಡರು. ಪಂಚಾಕ್ಷರಯ್ಯ ಪಕ್ಕದಲ್ಲೇ ಇದ್ದರು.

"ಸೆಲ್ಲಲ್ಲೂ ಜಾತಿ ಅವೆಯಾ ಸಾ?"

"ಜಾತಿ ಅಲ್ಲ," ಎಂದೆ. "ಗುಣ ಬೇರೆ."

"ಗುಣ ಅನ್ನಿ," ಎಂದರು ಚಲುವಯ್ಯ. ಪಂಚಾಕ್ಷರಯ್ಯ ಗಡಿಯಾರದ ಕಡೆ ನೋಡುತ್ತಿದ್ದರು.

ಆಮೇಲೆ ಎರಡು ದಿನ ಚಲುವಯ್ಯ ನಾಲ್ಕಕ್ಕೆ ಬಂದು ಗುಂಡಿ ಒತ್ತಿ ಹೋಗುತ್ತಿದ್ದರು. ಮೂರನೆಯ ದಿನ ತಾವಾಗಿಯೇ ಕೇಳಿದರು. "ಆಫೀಸಿನ ಜಾಡೀನ ದುಡಿಸಿದ್ದು ಸರಿ ತಾನೆ? ಅವಕ್ಕೆ ಅದೇ ಸುಖ ಇತ್ತು ತಾನೆ?"

"ಖಂಡಿತ," ಎಂದೆ. ಅದು ಸಮಾಧಾನದ ಮಾತಲ್ಲ, ನಿಜ. ಅವರ ಮುಖ ಸಡಿಲವಾಯಿತು.

ಮೂವತ್ತನೆಯ ದಿನ, ಅಕ್ಟೋಬರ್ 9, ಬುಧವಾರ. ಅಂದು ಅವರು ಸಣ್ಣಕ್ಕನನ್ನು ಕರೆದುಕೊಂಡು ಬಂದರು. ಗಂಡ ಏನು ಕೆಲಸ ಮಾಡುತ್ತಾನೆಂದು ಅಷ್ಟು ವರ್ಷ ಆಕೆ ಕೇಳಿದ್ದಳೇ ಹೊರತು ನೋಡಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪಂಚೆಯ ಮೇಲಿನ ನೀಲಿ ಕಲೆ ಮಾತ್ರ. ಹೊಸ್ತಿಲಲ್ಲೇ ನಿಂತಳು. ಪಂಚಾಕ್ಷರಯ್ಯನವರು ಬೆಂಚಿನ ಮೇಲಿದ್ದ ತಮ್ಮ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಕೂತ್ಕೋ ತಾಯಿ," ಎಂದರು. ಅವಳು ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ಸಿದ್ಧಳಾದವಳಂತೆ ಕೂತಳು.

ಗೂಡುಕಿಟಕಿಯ ಆಚೆ ಯಂತ್ರ 'ಟಕ್' ಎಂದಿತು. ಮುಳ್ಳು ಜಿಗಿಯಿತು. ದೀಪ ಹೊತ್ತಿ ಆರಿತು.

ಸಣ್ಣಕ್ಕ ಇನ್ನೇನೋ ಆಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಗಂಡನ ಕಡೆ ತಿರುಗಿದಳು.

"ಇಷ್ಟೇಯಾ?"

"ಇಷ್ಟೇ ಕಣಮ್ಮಿ."

"ಯಾರ್ಗೂ ಏನೂ ಆಗ್ಲಿಲ್ವಲ್ಲ?"

"ಇಲ್ಲ," ಎಂದರು ಚಲುವಯ್ಯ. "ಯಾರ್ಗೂ ಏನೂ ಆಗ್ಲಿಲ್ಲ." ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯುವ ಕಾಲಂ ಇರಲಿಲ್ಲ.

ಅವರು ಗೋಡೆಯ ಬಳಿ ಹೋಗಿ ಗುಂಡಿಯ ತಿರುಪು ಸಡಿಲಿಸಿ ಸೆಲ್ಲುಗಳ ತಂತಿಯ ತುದಿಯನ್ನು ಬಿಚ್ಚತೊಡಗಿದರು.

"ಸರಿಯಾಗೇ ಅದಲ್ಲ, ಇನ್ಯಾಕೆ ಬಿಚ್ಚೀಯೆ?" ಎಂದಳು ಸಣ್ಣಕ್ಕ.

"ಮಲಗ್ಲಿ," ಎಂದರು. "ನಾಳೆ ನಾಕ್ಗಂಟೆಗೆ ಎಬ್ಬಿಸ್ತೀನಿ."